ಎಶರ್ ಟೇಪುಗಳು ಕೊನೆಗೂ ಬರುತ್ತಿವೆ, ಕಾದು ಕುಳಿತವರು ಯಾರಿದ್ದೀರಿ?

ಹಳೇಕ್ಯಾಸೆಟ್ (ಅಕ್ಟೋಬರ್ 2018)

ಕಳೆದ ತಿಂಗಳು ಈ ಸುದ್ದಿ ಬಂದಾಗಿನಿಂದ ನನಗೆ ಬೇರೆ ಯಾವ ಹಾಡೂ ಕಿವಿಗೆ ಹತ್ತುತ್ತಿಲ್ಲ. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್‌ನ ವೈಟ್ ಆಲ್ಬಮ್‌ಗೆ 50 ವರ್ಷ ತುಂಬುತ್ತಿದೆ. ಅದಕ್ಕೆಂದು ನವೆಂಬರ್ 9ಕ್ಕೆ ದೊಡ್ಡ ಪೆಟ್ಟಿಗೆಯೊಂದು ಬರುತ್ತಿದೆ. ಆರು ಸಿಡಿ, ಒಂದು ಬ್ಲೂ-ರೇ, 107 ಟ್ರ್ಯಾಕ್. ಆಲ್ಬಮ್‌ನ 30 ಹಾಡುಗಳ ಹೊಸ ಮಿಕ್ಸ್, ಸ್ಟುಡಿಯೋದಲ್ಲಿ ಉಳಿದುಹೋದ 50 ಟೇಕ್‌ಗಳು, ಅವೆಲ್ಲ ಇವೆ. ಆದರೆ ನಾನು ದಿನ ಎಣಿಸುತ್ತಿರುವುದು ಮಿಕ್ಕ 27 ಹಾಡುಗಳಿಗೆ. 1968ರ ಮೇ ತಿಂಗಳ ಕೊನೆಯಲ್ಲಿ, ಇಂಗ್ಲೆಂಡಿನ ಎಶರ್‌ನಲ್ಲಿದ್ದ ಜಾರ್ಜ್ ಹ್ಯಾರಿಸನ್ ಮನೆಯಲ್ಲಿ, ಒಂದು ಆಂಪೆಕ್ಸ್ ಫೋರ್-ಟ್ರ್ಯಾಕ್ ಟೇಪ್ ಮೆಷಿನ್ ಇಟ್ಟುಕೊಂಡು ಹಾಡಿಕೊಂಡ ಹಾಡುಗಳು ಅವು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಆ ವರ್ಷ ಫೆಬ್ರವರಿಯಲ್ಲಿ ಬ್ಯಾಂಡಿನ ನಾಲ್ವರೂ (ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್, ರಿಂಗೋ ಸ್ಟಾರ್) ಋಷಿಕೇಶಕ್ಕೆ, ಮಹರ್ಷಿ ಮಹೇಶ್ ಯೋಗಿಯವರ ಆಶ್ರಮಕ್ಕೆ ಹೋಗಿದ್ದರು. ರಿಂಗೋ ಸುಮಾರು ಹತ್ತು ದಿನಕ್ಕೇ ವಾಪಸ್ ಹೊರಟ. ಪಾಲ್ ಮಾರ್ಚ್ ಕೊನೆಯವರೆಗೆ ಇದ್ದ. ಜಾನ್ ಮತ್ತು ಜಾರ್ಜ್ ಏಪ್ರಿಲ್‌ವರೆಗೂ ಉಳಿದರು. ಸ್ಟುಡಿಯೋ ಇಲ್ಲ, ಎಲೆಕ್ಟ್ರಿಕ್ ಗಿಟಾರ್ ಇಲ್ಲ, ಅಕೌಸ್ಟಿಕ್ ಗಿಟಾರ್ ಹಿಡಿದು ಬರೆದದ್ದೇ ಬರೆದದ್ದು. ಊರಿಗೆ ಮರಳಿದ ಮೇಲೆ ಯಾರ ಹತ್ತಿರ ಏನೇನಿದೆ ಅಂತ ಒಬ್ಬರಿಗೊಬ್ಬರು ತೋರಿಸಿಕೊಳ್ಳಬೇಕಿತ್ತು. ಅದಕ್ಕೇ ಜಾರ್ಜ್ ಮನೆಯಲ್ಲಿ ಸೇರಿದ್ದು. ಅದಾಗಿ ಕೆಲವೇ ದಿನಕ್ಕೆ, ಮೇ 30ಕ್ಕೆ, ಸ್ಟುಡಿಯೋ ಕೆಲಸ ಶುರುವಾಯಿತು.

ನಾನು ಇದುವರೆಗೆ ಕೇಳಿರುವುದು 1996ರ ‘ಆಂಥಾಲಜಿ 3’ರಲ್ಲಿ ಬಂದ ಏಳು ಹಾಡುಗಳನ್ನು ಮಾತ್ರ. ಕದ್ದ ಕಾಪಿಗಳ, ಅಂದರೆ ಬೂಟ್‌ಲೆಗ್‌ಗಳ, ಕಡೆಗೆ ನಾನು ಹೋಗಲೇ ಇಲ್ಲ. ಹಾಗಾಗಿ ನನ್ನ ಪ್ರಶ್ನೆಗಳು ಇವು. ಬೂಟ್‌ಲೆಗ್ ಕೇಳಿದವರೇ, ಮಿಕ್ಕ 20 ಹಾಡುಗಳಲ್ಲಿ ನನಗೆ ಏನು ಕಾದಿದೆ? ಇವತ್ತಿನ ಮೆಷಿನ್‌ಗಳಲ್ಲಿ ತೊಳೆದು ಉಜ್ಜಿ ಆ ಮನೆಯ ವಾಸನೆಯನ್ನೇ ತೆಗೆದುಬಿಡುತ್ತಾರಾ? ಇನ್ನೊಂದು ಮಾತು ಕೇಳಲೇಬೇಕು. ಇದು ನಮಗಾಗಿ ಹಾಡಿದ್ದಲ್ಲ. ಅವರು ಅವರವರಿಗಾಗಿ ಹಾಡಿಕೊಂಡದ್ದು. ಕೇಳಲು ತವಕಪಡುತ್ತಲೇ ಒಳಗೆ ಎಲ್ಲೋ ಸಣ್ಣ ಸಂಕೋಚ ಆಗುತ್ತಿದೆ. ನಿಮಗೂ ಹಾಗೆ ಅನಿಸಿದೆಯಾ?

—

ತಂತಿನಾದ

ನಾನು ಬೂಟ್‌ಲೆಗ್ ಕೇಳಿ ಬೆಳೆದವನು. 80ರ ದಶಕದ ಕೊನೆಯಲ್ಲಿ ಅಮೆರಿಕದ ರೇಡಿಯೋದಲ್ಲಿ ‘ದಿ ಲಾಸ್ಟ್ ಲೆನನ್ ಟೇಪ್ಸ್’ ಅಂತ ಒಂದು ಸರಣಿ ಬರುತ್ತಿತ್ತು. ಜಾನ್ ಹತ್ತಿರ ಇದ್ದ ಕಾಪಿಗಳಿಂದ ಅಲ್ಲಿ ಒಂದೊಂದಾಗಿ ಹಾಡು ಹೊರಗೆ ಬಂತು. ಅದನ್ನು ಯಾರೋ ಟೇಪ್ ಮಾಡಿದರು, ಅದರ ಕಾಪಿ, ಆ ಕಾಪಿಯ ಕಾಪಿ, ಹೀಗೆ ಕೈಯಿಂದ ಕೈಗೆ ದಾಟಿ ನನಗೆ ಸಿಕ್ಕಿದ್ದು ಮಂಜು ಮುಸುಕಿದ ಒಂದು ಕ್ಯಾಸೆಟ್. ಆದರೂ ಅದನ್ನು ಎಷ್ಟು ಸಲ ಕೇಳಿದ್ದೇನೆ ಅಂದರೆ ಎಲ್ಲಿ ಹಿಸ್ (ಟೇಪಿನ ‘ಸ್ಸ್’ ಸದ್ದು) ಏರುತ್ತದೆ, ಎಲ್ಲಿ ಸದ್ದು ಒಂದು ಕ್ಷಣ ಮುಳುಗುತ್ತದೆ ಅನ್ನುವುದೂ ಹಾಡಿನ ಭಾಗವೇ ಆಗಿಬಿಟ್ಟಿದೆ.

ಏನು ಕಾದಿದೆ ಅಂತ ಕೇಳಿದಿರಿ. ಮೊದಲು ಲೆಕ್ಕ ಹೇಳುತ್ತೇನೆ. 27ರಲ್ಲಿ ಜಾನ್‌ನವು 15, ಪಾಲ್‌ನವು 7, ಜಾರ್ಜ್‌ನವು 5. ಇವುಗಳಲ್ಲಿ 19 ಹಾಡುಗಳು ಆಮೇಲೆ ವೈಟ್ ಆಲ್ಬಮ್‌ಗೆ ಹೋದವು. ಹೋಗದ ಎಂಟರ ಕಥೆ ಇನ್ನೂ ಚೆನ್ನ. ‘ಮೀನ್ ಮಿಸ್ಟರ್ ಮಸ್ಟರ್ಡ್’ ಮತ್ತು ‘ಪಾಲಿಥೀನ್ ಪ್ಯಾಮ್’ ಮುಂದಿನ ವರ್ಷ ‘ಆಬಿ ರೋಡ್’ಗೆ ಹೋದವು. ‘ಜಂಕ್’ ಪಾಲ್‌ನ 1970ರ ಸೋಲೋ ಆಲ್ಬಮ್‌ಗೆ ಹೋಯಿತು. ‘ಸೌರ್ ಮಿಲ್ಕ್ ಸೀ’ಯನ್ನು ಜಾರ್ಜ್ ತನ್ನ ಗೆಳೆಯ ಜ್ಯಾಕಿ ಲೋಮ್ಯಾಕ್ಸ್‌ಗೆ ಕೊಟ್ಟುಬಿಟ್ಟ. ‘ನಾಟ್ ಗಿಲ್ಟಿ’ಗೆ ಸ್ಟುಡಿಯೋದಲ್ಲಿ ನೂರಕ್ಕೂ ಜಾಸ್ತಿ ಟೇಕ್ ತೆಗೆದರು, ಆದರೂ ಆಲ್ಬಮ್‌ನಲ್ಲಿ ಜಾಗ ಸಿಗಲಿಲ್ಲ. ಜಾರ್ಜ್ ಅದನ್ನು ಮತ್ತೆ ಹಾಡಿ ಹೊರತಂದದ್ದು 1979ರಲ್ಲಿ. ‘ಸರ್ಕಲ್ಸ್’ ಹೊರಬಂದದ್ದು ಇನ್ನೂ ತಡವಾಗಿ, 1982ಕ್ಕೆ. 14 ವರ್ಷ ಒಂದು ಹಾಡನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ ಮನುಷ್ಯ ಅವನು. ಅವನ ಮನೆ, ಅವನ ಮೆಷಿನ್, ಅಲ್ಲಿ ಅವನಿಗೆ ಸಿಕ್ಕಿದ್ದು 27ರಲ್ಲಿ ಐದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಒಂದು ಥರ ಆಗುತ್ತದೆ.

ಆದರೆ ನಿಮಗೆ ಹೇಳಲೇಬೇಕಾದ ಹಾಡು ‘ಚೈಲ್ಡ್ ಆಫ್ ನೇಚರ್’. ಮಹರ್ಷಿಗಳು ಪ್ರಕೃತಿಯ ಬಗ್ಗೆ ಮಾಡಿದ ಒಂದು ಪ್ರವಚನದಿಂದ ಹುಟ್ಟಿದ ಹಾಡು. ಪಾಲ್‌ನ ‘ಮದರ್ ನೇಚರ್ಸ್ ಸನ್’ ಹುಟ್ಟಿದ್ದೂ ಅಲ್ಲಿಂದಲೇ. ಜಾನ್‌ನ ಹಾಡು ಶುರುವಾಗುವುದೇ ಋಷಿಕೇಶದ ಹೆಸರಿನಿಂದ. ಮೊದಲ ಸಲ ಕೇಳಿದಾಗ ಎದ್ದು ಕುಳಿತುಬಿಟ್ಟೆ. ಯಾಕೆಂದರೆ ಆ ರಾಗ ನನಗೆ ಆಗಲೇ ಗೊತ್ತಿತ್ತು. 1971ರಲ್ಲಿ ಜಾನ್ ಇದೇ ರಾಗಕ್ಕೆ ಬೇರೆ ಮಾತು ಹಾಕಿ ‘ಜೆಲಸ್ ಗೈ’ ಮಾಡಿದ. ಬೆಟ್ಟ, ಆಕಾಶ, ನೆಮ್ಮದಿ ಇದ್ದ ಜಾಗಕ್ಕೆ ತಪ್ಪೊಪ್ಪಿಗೆ ಬಂದು ಕುಳಿತಿತು. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಮೂರು ವರ್ಷದಲ್ಲಿ ಒಬ್ಬ ಮನುಷ್ಯನಿಗೆ ಏನೇನಾಯಿತು ಅನ್ನುವುದನ್ನು ಯಾವ ಜೀವನಚರಿತ್ರೆಯೂ ಹೀಗೆ ಹೇಳುವುದಿಲ್ಲ.

ಮತ್ತೆ ‘ಡಿಯರ್ ಪ್ರೂಡೆನ್ಸ್’. ಹಾಡು ಮುಗಿಯುತ್ತಾ ಬಂದಾಗ ಜಾನ್ ಗಿಟಾರ್ ನಿಲ್ಲಿಸದೆ ಮಾತಿಗೆ ಇಳಿಯುತ್ತಾನೆ. ಆಶ್ರಮದ ಕೋಣೆಯಿಂದ ಹೊರಗೇ ಬರದೆ ಧ್ಯಾನಕ್ಕೆ ಕುಳಿತಿದ್ದ ಪ್ರೂಡೆನ್ಸ್ ಫ್ಯಾರೋ ಕಥೆಯನ್ನು ತನ್ನದೇ ಧಾಟಿಯಲ್ಲಿ ಹೇಳುತ್ತಾನೆ. ಸುತ್ತ ಕುಳಿತವರು ಅದಕ್ಕೆ ನಗುವುದು ನಮಗೂ ಕಾಣುತ್ತಿದೆ ಅನಿಸುತ್ತದೆ. ಆ ಹಾಡಿನ ಬೆರಳಾಟ ಕೂಡ ಋಷಿಕೇಶದ್ದೇ. ಅಲ್ಲಿಗೆ ಬಂದಿದ್ದ ಗಾಯಕ ಡೊನೊವನ್ ಕಲಿಸಿಕೊಟ್ಟದ್ದು. ‘ಜೂಲಿಯಾ’ದಲ್ಲೂ ಅದೇ ಬೆರಳು.

—

ಮಿಕ್ಸರ್_ಮುಂದೆ

ತೊಳೆಯುವ ವಿಚಾರಕ್ಕೆ ನಾನು ಬರುತ್ತೇನೆ, ಅದು ನನ್ನ ಕೆಲಸದ ಹತ್ತಿರದ್ದು.

ಮೊದಲು ಸಮಾಧಾನದ ಮಾತು. ಈ ಸಲ ಪೆಟ್ಟಿಗೆ ಮಾಡಿದವರು ಮೂಲ ಫೋರ್-ಟ್ರ್ಯಾಕ್ ಟೇಪುಗಳಿಂದಲೇ ಮಿಕ್ಸ್ ಮಾಡಿದ್ದಾರೆ. ಇದು ಸಣ್ಣ ವಿಷಯ ಅಲ್ಲ. ಟೇಪಿನ ಮೇಲಿರುವುದು ಆಯಸ್ಕಾಂತದ ಸಣ್ಣ ಕಣಗಳು. ಏನೂ ರೆಕಾರ್ಡ್ ಆಗದಿದ್ದರೂ ಅವು ‘ಸ್ಸ್...’ ಎನ್ನುತ್ತಲೇ ಇರುತ್ತವೆ. ಒಂದು ಟೇಪನ್ನು ಇನ್ನೊಂದಕ್ಕೆ ಇಳಿಸಿದಾಗ ಹಳೆಯದರ ಹಿಸ್ ಜೊತೆಗೆ ಹೊಸದರ ಹಿಸ್ ಸೇರುತ್ತದೆ. ಎರಡೂ ಸಮ ಇದ್ದರೆ ಒಂದೇ ಕಾಪಿಗೆ ಸುಮಾರು 3 ಡೆಸಿಬಲ್ ಏರುತ್ತದೆ. ಜೊತೆಗೆ ಮೇಲಿನ ಸದ್ದುಗಳು ಮಂಕಾಗುತ್ತವೆ. ಎರಡು ಮೆಷಿನ್‌ಗಳ ವೇಗ ಚೂರು ಬೇರೆ ಇದ್ದರೂ ಶ್ರುತಿ ಜಾರುತ್ತದೆ. ಶೇಕಡಾ 6ರಷ್ಟು ವೇಗ ಹೆಚ್ಚಾದರೆ ಹಾಡು ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ ಹೋಗಿ ಕೂರುತ್ತದೆ. ತಂತಿನಾದ ಅವರ ಕ್ಯಾಸೆಟ್‌ನ ಆ ಮಂಜು ಇದೆಯಲ್ಲ, ಅದರಲ್ಲಿ ಎಶರ್‌ನದು ಕಡಿಮೆ, ದಾರಿಯ ಧೂಳೇ ಜಾಸ್ತಿ.

ಇನ್ನೊಂದು. ನಾಲ್ಕು ಟ್ರ್ಯಾಕ್ ಬೇರೆ ಬೇರೆಯಾಗಿ ಕೈಗೆ ಸಿಕ್ಕರೆ ಒಂದರಲ್ಲಿ ಗಿಟಾರ್ ಮತ್ತು ಧ್ವನಿ, ಇನ್ನೊಂದರಲ್ಲಿ ಆಮೇಲೆ ಸೇರಿಸಿದ ಎರಡನೇ ಧ್ವನಿ, ಮತ್ತೊಂದರಲ್ಲಿ ಚಪ್ಪಾಳೆ ತಾಳ, ಹೀಗೆ ಬಿಡಿಸಿ ಇಡಬಹುದು. ಬೂಟ್‌ಲೆಗ್‌ನಲ್ಲಿ ಎಲ್ಲವೂ ಅಂಟಿಕೊಂಡು ಮುದ್ದೆ ಆಗಿರುತ್ತದೆ. ‘ಫ್ರೀ ಆ್ಯಸ್ ಎ ಬರ್ಡ್’ ಹಾಡನ್ನು ಜಾನ್ ತೀರಿಕೊಂಡ ಮೇಲೆ ಮಿಕ್ಕ ಮೂವರು ಮಾಡುವಾಗ ಎಷ್ಟು ಕಷ್ಟಪಟ್ಟರು ಗೊತ್ತಲ್ವಾ? ಜಾನ್ ಮನೆಯಲ್ಲಿ ಮಾಡಿಕೊಂಡ ಆ ಕ್ಯಾಸೆಟ್‌ನಲ್ಲಿ ಪಿಯಾನೋ ಮತ್ತು ಧ್ವನಿ ಒಂದೇ ಕಡೆ ಸೇರಿಹೋಗಿದ್ದವು. ಒಂದನ್ನು ಮುಟ್ಟಿದರೆ ಇನ್ನೊಂದಕ್ಕೆ ಪೆಟ್ಟು. ಎಶರ್‌ಗೆ ಆ ಗತಿ ಇಲ್ಲ.

ಈಗ ಭಯದ ಮಾತು. ಹಿಸ್ ತೆಗೆಯುವುದು ಅಂದರೆ ಏನು? ಹಾಡಿಲ್ಲದ ಒಂದು ಕ್ಷಣದಿಂದ ಹಿಸ್‌ನ ಮಾದರಿ ತೆಗೆದುಕೊಂಡು, ಅಂಥದ್ದು ಎಲ್ಲೆಲ್ಲಿ ಕಂಡರೂ ಕಳೆಯಿರಿ ಅಂತ ಕಂಪ್ಯೂಟರ್‌ಗೆ ಹೇಳುವುದು. ತೊಂದರೆ ಏನೆಂದರೆ ಗಿಟಾರ್ ತಂತಿಯ ನಾದ ಕ್ಷೀಣಿಸುತ್ತಾ ಹೋಗಿ ಕೊನೆಗೆ ಸೇರುವುದು ಆ ಹಿಸ್ ಒಳಗೇ. ‘ಸ’, ‘ಶ’ ಉಚ್ಚಾರಣೆಯ ಗಾಳಿ ಇರುವುದೂ ಅದೇ ಜಾಗದಲ್ಲಿ. ಕೋಣೆಯ ಗೋಡೆಗೆ ಬಡಿದು ಬರುವ ಸದ್ದೂ ಅಲ್ಲೇ. ಕೈ ಸ್ವಲ್ಪ ಭಾರವಾದರೆ ಅಷ್ಟೂ ಹೋಗುತ್ತದೆ. ಉಳಿದದ್ದು ನೀರಿನೊಳಗಿಂದ ಕೇಳಿದ ಹಾಗೆ ಕೇಳಿಸುತ್ತದೆ. ನಾನು ಇಂಥ ತಪ್ಪು ಮಾಡಿದ್ದೇನೆ. ಒಬ್ಬರ ಹಳೆಯ ಮನೆ-ಟೇಪನ್ನು ಹೊಳೆಯುವ ಹಾಗೆ ಶುಚಿ ಮಾಡಿಕೊಟ್ಟೆ. ಅವರು ಕೇಳಿ, ‘ಧ್ವನಿ ಇದೆ, ಅಪ್ಪ ಇಲ್ಲ’ ಅಂದರು. ಅವತ್ತಿನಿಂದ ಹಿಸ್ ಮುಟ್ಟುವಾಗ ಕೈ ತಡೆಯುತ್ತದೆ.

ಈ ಮಿಕ್ಸ್ ಮಾಡಿದ ಜೈಲ್ಸ್ ಮಾರ್ಟಿನ್ ಮತ್ತು ಸ್ಯಾಮ್ ಓಕೆಲ್ ಕಳೆದ ವರ್ಷ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್‌ನ ಮಿಕ್ಸ್ ಮಾಡಿದ ರೀತಿ ನೋಡಿದರೆ ನನಗೆ ನಂಬಿಕೆ ಇದೆ. ಅದರಲ್ಲಿ ಡ್ರಮ್ ಸ್ವಲ್ಪ ಮುಂದೆ ಬಂದಿತ್ತು, ಒಪ್ಪುತ್ತೇನೆ. ಎಶರ್‌ನಲ್ಲಿ ಮುಂದೆ ತರಲು ಡ್ರಮ್ ಸೆಟ್ಟೇ ಇಲ್ಲ.

—

ಇರುಳು_ರೇಡಿಯೋ

ಸಂಕೋಚದ ಪ್ರಶ್ನೆ ನನ್ನನ್ನೂ ಕಾಡಿದೆ. ಕಳೆದ ತಿಂಗಳು 21ಕ್ಕೆ ಅಮೆರಿಕದ ಗಾಯಕ ಪ್ರಿನ್ಸ್‌ನ ‘ಪಿಯಾನೋ ಆ್ಯಂಡ್ ಎ ಮೈಕ್ರೋಫೋನ್ 1983’ ಬಂತಲ್ಲ. ಮನೆಯ ಸ್ಟುಡಿಯೋದಲ್ಲಿ ಒಬ್ಬನೇ ಕುಳಿತು ನುಡಿಸಿದ ಒಂದು ಕ್ಯಾಸೆಟ್. 9 ಹಾಡು, ಸುಮಾರು 35 ನಿಮಿಷ. ನಡುವೆ ಎಂಜಿನಿಯರ್ ಜೊತೆ ಮಾತಾಡುತ್ತಾನೆ, ಒಂದು ಹಾಡಿನಿಂದ ಇನ್ನೊಂದಕ್ಕೆ ಹಾಗೇ ಜಾರುತ್ತಾನೆ. ಬದುಕಿದ್ದಾಗ ತನ್ನ ಸಂಗೀತ ಯಾವಾಗ, ಹೇಗೆ ಹೊರಗೆ ಬರಬೇಕು ಅನ್ನುವುದಕ್ಕಾಗಿ ಕಂಪನಿಗಳ ಜೊತೆ ಅಷ್ಟು ಹೋರಾಡಿದವನು. 2016ರಲ್ಲಿ ಅವನು ಹೋದ. ಎರಡೇ ವರ್ಷಕ್ಕೆ ಇದು ನಮ್ಮ ಕೈಯಲ್ಲಿದೆ. ಕೇಳಿದೆ, ಎರಡು ಸಲ ಕೇಳಿದೆ, ತುಂಬಾ ಇಷ್ಟವಾಯಿತು. ಆದರೆ ಬಾಗಿಲ ಸಂದಿಯಲ್ಲಿ ನಿಂತು ನೋಡಿದ ಹಾಗೆ ಅನಿಸಿದ್ದೂ ನಿಜ.

ಎಶರ್ ವಿಚಾರದಲ್ಲಿ ನನಗೆ ಹಾಗೆ ಅನಿಸುವುದಿಲ್ಲ. ಅದಕ್ಕೆ ಕಾರಣ ಇದೆ. ಅವು ಗುಟ್ಟಿನ ದಿನಚರಿ ಅಲ್ಲ. ಇನ್ನೊಬ್ಬರಿಗೆ ಕೇಳಿಸಲೆಂದೇ ಹಾಡಿದ್ದು. ಆ ಇನ್ನೊಬ್ಬರು ಮೂರೇ ಜನ ಇದ್ದರು ಅಷ್ಟೇ. ಅದರಲ್ಲೂ ಏಳು ಹಾಡುಗಳನ್ನು ಹೊರಗೆ ಬಿಟ್ಟಾಗ ಜಾರ್ಜ್ ಬದುಕಿದ್ದ, ‘ಆಂಥಾಲಜಿ’ ಉಳಿದಿದ್ದ ಮೂವರೂ ಸೇರಿಯೇ ಮಾಡಿದ್ದು. ಈ ಸಲದ ಪೆಟ್ಟಿಗೆಯ ಪುಸ್ತಕಕ್ಕೆ ಪಾಲ್ ಪೀಠಿಕೆ ಬರೆದಿದ್ದಾನೆ. ಯಾರದ್ದೋ ಕಪಾಟು ಒಡೆದು ತೆಗೆದದ್ದಲ್ಲ.

ನನಗೆ ಸಂಕೋಚಕ್ಕಿಂತ ದೊಡ್ಡ ಭಯ ಬೇರೆ ಇದೆ. ಮನೆಯಲ್ಲಿ ಮಾಡಿದ್ದನ್ನು ಅಲಂಕರಿಸುವುದು. ಬಾಬ್ ಡಿಲನ್ ಮತ್ತು ‘ದಿ ಬ್ಯಾಂಡ್’ ಎಂಬ ಗುಂಪು 1967ರಲ್ಲಿ ಒಂದು ಮನೆಯ ನೆಲಮಾಳಿಗೆಯಲ್ಲಿ ನುಡಿಸಿದ್ದನ್ನು 1975ರಲ್ಲಿ ಹೊರತರುವಾಗ ಕೆಲವು ಹಾಡುಗಳಿಗೆ ಹೊಸದಾಗಿ ವಾದ್ಯ ಸೇರಿಸಿದರು. ಬಂದದ್ದು 24 ಹಾಡು ಮಾತ್ರ. ಅಭಿಮಾನಿಗಳು ಮುಂದೆ ಸುಮಾರು 40 ವರ್ಷ ಕಾದರು. 2014ರಲ್ಲಿ 138 ಟ್ರ್ಯಾಕ್, ಆರು ಸಿಡಿ, ಏನೂ ಬಳಿಯದೆ ಬಂತು. ಅರ್ಧಕ್ಕೆ ನಿಂತ ಹಾಡು, ಮಾತು ಮರೆತ ಹಾಡು, ಎಲ್ಲವೂ ಇತ್ತು. ಆ ಬೇಸ್‌ಮೆಂಟಿನಲ್ಲಿ ನಾನೂ ಒಂದು ಮೂಲೆಯಲ್ಲಿ ಕುಳಿತಿದ್ದೆ ಅನಿಸಿದ್ದು ಅದನ್ನು ಕೇಳಿದಾಗ.

—

ಬೇಸ್‌ಗಿಟಾರ್

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಟೇಪು ಹೊರಗೆ ಬಂದ ಮೇಲೆ ‘ಆಲ್ಬಮ್‌ಗಿಂತ ಇದೇ ಚೆನ್ನ’ ಎನ್ನುವ ಮಾತು ಬಂದೇ ಬರುತ್ತದೆ. ನನಗೆ ಅದು ಸರಿ ಅನಿಸುವುದಿಲ್ಲ. ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಎಶರ್‌ನಲ್ಲಿ ಬಿಡಿ ಗಿಟಾರ್ ಮೇಲೆ ಇದೆ, ಮಾತು ಕೂಡ ಅಲ್ಲಲ್ಲಿ ಬೇರೆ. ಚೆನ್ನಾಗಿದೆ. ಆದರೆ ಸೆಪ್ಟೆಂಬರ್ 6ರಂದು ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಬಂದು ನುಡಿಸಿದ ಮೇಲೆ ಆ ಹಾಡು ಎಲ್ಲಿಗೆ ಹೋಯಿತು ನೋಡಿ! ‘ಹ್ಯಾಪಿನೆಸ್ ಈಸ್ ಎ ವಾರ್ಮ್ ಗನ್’ ಎಶರ್‌ನಲ್ಲಿ ಬರೀ ತುಂಡು. ಆಂಥಾಲಜಿಯಲ್ಲಿ ಕೇಳಿದವರಿಗೆ ಗೊತ್ತು, ಹಾಡಿಗೆ ಆ ಹೆಸರು ಕೊಟ್ಟ ಭಾಗವೇ ಅಲ್ಲಿ ಇನ್ನೂ ಹುಟ್ಟಿಲ್ಲ. ‘ಹೆಲ್ಟರ್ ಸ್ಕೆಲ್ಟರ್’ ಇಲ್ಲವೇ ಇಲ್ಲ. ರಿಂಗೋನ ಹಾಡೂ ಇಲ್ಲ.

ಅಲ್ಲದೆ ‘ನಾಲ್ವರೂ ಸುತ್ತ ಕುಳಿತು ಖುಷಿಯಾಗಿ ಹಾಡಿದರು’ ಎನ್ನುವ ಚಿತ್ರವನ್ನು ಪೂರ್ತಿ ನಂಬಿಕೊಂಡು ಕೇಳಬೇಡಿ. ಎಷ್ಟೋ ಹಾಡುಗಳಲ್ಲಿ ಇರುವುದು ಒಬ್ಬನೇ. ತನ್ನ ಧ್ವನಿಯ ಮೇಲೆ ತನ್ನದೇ ಧ್ವನಿ ಇನ್ನೊಂದು ಸಲ ಹಾಡಿ ಕೂರಿಸಿದ್ದಾನೆ. ‘ರೆವಲ್ಯೂಷನ್’, ‘ಬಂಗಲೋ ಬಿಲ್’ ಥರದವುಗಳಲ್ಲಿ ಗುಂಪಿನ ಗದ್ದಲ ಇದೆ, ನಿಜ. ಆದರೆ ಪಾಲ್‌ನ ಹಾಡುಗಳನ್ನು ಕೇಳಿ. ಎಲ್ಲ ಮೊದಲೇ ನಿರ್ಧಾರ ಆಗಿದೆ. ಒಬ್ಬೊಬ್ಬರ ಹಾಡು ಅವರವರದು ಅನ್ನುವುದು ವೈಟ್ ಆಲ್ಬಮ್‌ನಲ್ಲಿ ಎದ್ದು ಕಾಣುತ್ತದೆ ಅಲ್ವಾ, ಅದು ಜಾರ್ಜ್ ಮನೆಯಲ್ಲೇ ಶುರುವಾಗಿತ್ತು ಅಂತ ನನ್ನ ಅನಿಸಿಕೆ.

ನನಗೆ ಈ ಟೇಪು ಬೇಕಾಗಿರುವುದು ಹಾಡು ಕಟ್ಟುವುದು ಹೇಗೆ ಅಂತ ನೋಡುವುದಕ್ಕೆ. ‘ಪಿಗ್ಗೀಸ್’ನಲ್ಲಿ ಆಲ್ಬಮ್‌ನ ‘ಬೇಕನ್’ ಇರುವ ಜಾಗದಲ್ಲಿ ಇಲ್ಲಿ ಜಾರ್ಜ್ ‘ಪೋರ್ಕ್ ಚಾಪ್ಸ್’ ಅನ್ನುತ್ತಾನೆ. ಸಣ್ಣ ವಿಷಯ. ಆದರೆ ಬದಲಾದ ಮೇಲೆ ಸಾಲು ಎಷ್ಟು ಬಿಗಿಯಾಯಿತು! ನಾನು ಹಾಡು ಬರೆಯಲು ಒದ್ದಾಡುವವನು. ನನಗೆ ಈ ಥರದ ಒಂದೊಂದು ಬದಲಾವಣೆಯೂ ಪಾಠ.

—

ತಂತಿನಾದ

ಬೇಸ್‌ಗಿಟಾರ್ ಅವರೇ, ಬೇಜಾರು ಯಾಕೆ? ಆದರೆ ಒಂದು ಮಾತಿಗೆ ತಕರಾರು ಇದೆ. ಒಬ್ಬನೇ ಎರಡು ಸಲ ಹಾಡಿದ್ದಾನೆ ಅಂದಿರಿ. ಆ ಎರಡು ಧ್ವನಿಗಳು ಎಷ್ಟೋ ಕಡೆ ಸರಿಯಾಗಿ ಕೂಡುವುದೇ ಇಲ್ಲ. ಒಂದು ಮುಂದೆ, ಒಂದು ಹಿಂದೆ. ಸ್ಟುಡಿಯೋದಲ್ಲಾಗಿದ್ದರೆ ನಿಲ್ಲಿಸಿ ಮತ್ತೆ ಹಾಡಿಸುತ್ತಿದ್ದರು. ಇಲ್ಲಿ ಯಾರೂ ನಿಲ್ಲಿಸಲಿಲ್ಲ. ನನಗೆ ಬೇಕಾದದ್ದು ಆ ‘ಯಾರೂ ನಿಲ್ಲಿಸಲಿಲ್ಲ’ ಅನ್ನುವುದೇ. ಮುಂದಿನ ತಿಂಗಳುಗಳಲ್ಲಿ ಏನಾಯಿತು ಗೊತ್ತು. ಜುಲೈನಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಜೆಫ್ ಎಮೆರಿಕ್ ಸ್ಟುಡಿಯೋದಲ್ಲಿ ನಡೆಯುತ್ತಿದ್ದ ಜಗಳ ತಡೆಯಲಾರದೆ ಕೆಲಸ ಬಿಟ್ಟು ನಡೆದರು. ಆಗಸ್ಟ್‌ನಲ್ಲಿ ರಿಂಗೋ ಕೂಡ ಎದ್ದು ಹೋದ, ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದ. (ಎಮೆರಿಕ್ ಇದೇ ಅಕ್ಟೋಬರ್ 2ರಂದು ತೀರಿಕೊಂಡರು. ಈ ಪೆಟ್ಟಿಗೆ ಬರುವುದನ್ನು ಅವರು ನೋಡಬೇಕಿತ್ತು.) ಅದೆಲ್ಲಕ್ಕೂ ಮುಂಚಿನ ಒಂದು ವಾರ ಇದು. ಒಬ್ಬೊಬ್ಬರೇ ಹಾಡಿದರೂ ಹಾಡಿದ್ದು ಗೆಳೆಯನ ಮನೆಯಲ್ಲಿ ಕುಳಿತು.

—

ಮೂರನೇಮನೆ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನನಗೆ ಬೀಟಲ್ಸ್ ಬಗ್ಗೆ ನಿಮ್ಮಷ್ಟು ಗೊತ್ತಿಲ್ಲ. ಆದರೆ ಹಿಸ್ ಬಗ್ಗೆ ಓದಿ ಒಂದು ವಿಷಯ ಹೇಳಬೇಕು ಅನಿಸಿತು.

ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇದೆ. ಅಜ್ಜಿ ಹಾಡಿದ್ದು, ಮಾವ ರೆಕಾರ್ಡ್ ಮಾಡಿದ್ದು. ಎರಡು ಹಾಡಿನ ಮಧ್ಯೆ ಯಾರೋ ಬಾಗಿಲು ಹಾಕುತ್ತಾರೆ. ಅಜ್ಜಿ ‘ಮೆಲ್ಲಗೆ’ ಅಂತ ಗದರಿ ಮತ್ತೆ ಹಾಡುತ್ತಾರೆ. ನಾವು ಆ ಕ್ಯಾಸೆಟ್ ಹಾಕಿದಾಗಲೆಲ್ಲ ಎಲ್ಲರೂ ಕಾಯುವುದು ಆ ‘ಮೆಲ್ಲಗೆ’ಗೆ. ಅಜ್ಜಿ ಕಚೇರಿ ಮಾಡಿದವರಲ್ಲ. ಆ ಟೇಪು ಹೊರಗಿನ ಯಾರಿಗೂ ಬೇಡ. ಆದರೆ ಯಾರಾದರೂ ಅದನ್ನು ಶುಚಿ ಮಾಡಿ ಆ ಬಾಗಿಲಿನ ಸದ್ದು ತೆಗೆದರೆ ನಾನು ಸುಮ್ಮನಿರಲಾರೆ.

ಜಾರ್ಜ್ ಮನೆಯ ಟೇಪಿನಲ್ಲೂ ಕುರ್ಚಿ ಸರಿಸಿದ ಸದ್ದು, ಕೆಮ್ಮು, ನಗು ಏನಾದರೂ ಇದ್ದರೆ ಬಿಟ್ಟಿರಲಿ. ಇಷ್ಟೇ ನನ್ನ ಆಸೆ.

—

ಮಿಕ್ಸರ್_ಮುಂದೆ

ಮೂರನೇಮನೆ ಅವರೇ, ದಯವಿಟ್ಟು ಆ ಕ್ಯಾಸೆಟ್ಟನ್ನು ಈ ವಾರವೇ ಡಿಜಿಟಲ್ ಮಾಡಿಸಿ. ಕ್ಯಾಸೆಟ್ ಎಷ್ಟೇ ಜೋಪಾನ ಮಾಡಿದರೂ ಕಣಗಳನ್ನು ಹಿಡಿದಿಟ್ಟ ಅಂಟು ಕಾಲ ಕಳೆದಂತೆ ಸಡಿಲವಾಗುತ್ತದೆ. ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ ಓಡಿಸಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿ. ಏನನ್ನೂ ಶುಚಿ ಮಾಡದೆ, ಇರುವ ಹಾಗೇ ಒಂದು ವೇವ್ ಫೈಲ್ ಉಳಿಸಿ, ಎರಡು ಕಡೆ ಇಡಿ. ತೊಳೆಯುವುದು ಏನಿದ್ದರೂ ಅದರ ಕಾಪಿಯಲ್ಲಿ ಮಾತ್ರ. ಮೂಲವನ್ನು ಎಸೆಯಬೇಡಿ. ಜಾರ್ಜ್ ಮನೆಯ ಆ ನಾಲ್ಕು ಟ್ರ್ಯಾಕ್ 50 ವರ್ಷ ಉಳಿದದ್ದರಿಂದಲೇ ನಾವು ಇವತ್ತು ಇಲ್ಲಿ ಮಾತಾಡುತ್ತಿರುವುದು.

—

ಹಳೇಕ್ಯಾಸೆಟ್

ಎಲ್ಲರಿಗೂ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ‘ಜೆಲಸ್ ಗೈ’ ಮತ್ತೆ ಕೇಳಿದೆ, ಆ ರಾಗದ ಕೆಳಗೆ ಋಷಿಕೇಶ ಇದೆ ಅಂತ ಗೊತ್ತಾದ ಮೇಲೆ ಮೊದಲ ಸಲ. ಬೇರೆಯೇ ಹಾಡು ಅನಿಸಿತು. ಬೂಟ್‌ಲೆಗ್ ಹುಡುಕುವ ಆಸೆ ಬಂತು, ತಡೆದುಕೊಂಡೆ. ಇಷ್ಟು ದಿನ ಕಾದಿದ್ದೇನೆ, ಇನ್ನು ಕೆಲವು ದಿನ.

ಒಂದು ತೀರ್ಮಾನ ಮಾಡಿದ್ದೇನೆ. 9ಕ್ಕೆ ಕೈಗೆ ಸಿಕ್ಕ ಕೂಡಲೇ ಹೊಸ ಮಿಕ್ಸ್ ಮುಟ್ಟುವುದಿಲ್ಲ. ಎಶರ್ ಡಿಸ್ಕ್ ಒಂದನ್ನೇ ಹಾಕಿ, ಮೊದಲಿಂದ ಕೊನೆವರೆಗೆ, ಯಾವುದನ್ನೂ ದಾಟಿಸದೆ ಕೇಳುತ್ತೇನೆ. ತಂತಿನಾದ ಅವರೇ, ನೀವೂ ಅವತ್ತು ಕೇಳಿ. ನಿಮ್ಮ ಕ್ಯಾಸೆಟ್‌ನಲ್ಲಿ ಸದ್ದು ಮುಳುಗುತ್ತಿದ್ದ ಜಾಗದಲ್ಲಿ ಏನಿತ್ತು ಅಂತ ನನಗೆ ಹೇಳಬೇಕು.